‘ಅದರಿಂದ ನಿಮಗೇನು ಸಿಗ್ತಿತ್ತು?’ ಅನ್ನುವವರಿಗೆ

ಏನೂ ಸಿಗುತ್ತಿರಲಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಈ ಉತ್ತರ ಕೊಟ್ಟಾಗಲೆಲ್ಲ ಎದುರಿಗಿರುವವರು ಒಂಥರಾ ನಗುತ್ತಾರೆ. ‘ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ’ ಅನ್ನುವ ನಗು. ಅದಕ್ಕೇ ಒಂದು ಸಲ ಬರೆದಿಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು. ಬಾಯಿ ನೋಯಿಸಿಕೊಳ್ಳುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ಬಡಾವಣೆಗೆ ಅಂತ ಒಂದು ಪುಟ್ಟ ಮಾಸಪತ್ರಿಕೆ ಇತ್ತು. ಅಲ್ಲಿಯವರೇ ಬರೆಯೋದು, ಅಲ್ಲಿಯವರೇ ತಿದ್ದೋದು, ಅಲ್ಲಿಯವರೇ ಬೆಳಿಗ್ಗೆ ಎದ್ದು ಗೇಟಿಗೆ ಸಿಕ್ಕಿಸಿ ಬರೋದು. ಯಾರಿಗೂ ಸಂಬಳ ಇಲ್ಲ. ಕಾಗದ ಮತ್ತು ಅಚ್ಚಿನ ಖರ್ಚಿಗೆ ಎಲ್ಲರೂ ಸೇರಿ ಚಂದಾ ಹಾಕುತ್ತಿದ್ದೆವು. ನಾನು ವರ್ಷಗಟ್ಟಲೆ ಅದಕ್ಕೆ ಬರೆದೆ. ಈಗ ಪತ್ರಿಕೆ ನಿಂತಿದೆ. ಪ್ರಶ್ನೆ ಮಾತ್ರ ನಿಂತಿಲ್ಲ.

ನೇರವಾಗಿ ಕೇಳಿದರೂ ಸಹಿಸಬಹುದು. ಸುತ್ತಿ ಬಳಸಿ ಕೇಳುತ್ತಾರೆ. ‘ಟೈಮ್ ಪಾಸಿಗೆ ಚೆನ್ನಾಗಿತ್ತು ಅಲ್ವಾ?’ ‘ಮುಂದೆ ಚುನಾವಣೆಗೆ ನಿಲ್ಲೋ ಯೋಚನೆ ಏನಾದ್ರೂ ಇತ್ತಾ?’ ಇವೆಲ್ಲದರ ಮೇಲೆ ಒಂದು: ‘ನಿಮ್ಮ ಯಜಮಾನರು ಏನೂ ಅಂತಿರಲಿಲ್ವಾ?’ ನಮ್ಮ ಯಜಮಾನರು ಒಂದು ಟೆಸ್ಟ್ ಪಂದ್ಯಕ್ಕೆ ಐದು ದಿನ ಟಿವಿ ಮುಂದೆ ಕೂರುತ್ತಾರೆ. ಅದೂ ಡ್ರಾ ಆಗುವ ಪಂದ್ಯಕ್ಕೆ. ಅವರನ್ನು ಇವತ್ತಿನವರೆಗೂ ಯಾರೂ ಅದರಿಂದ ಏನು ಸಿಕ್ಕಿತು ಅಂತಾಗಲೀ, ನಿಮ್ಮ ಹೆಂಡತಿ ಏನೂ ಅನ್ನಲ್ವಾ ಅಂತಾಗಲೀ ಕೇಳಿದ್ದು ನಾನು ನೋಡಿಲ್ಲ.

ನಮ್ಮ ಚಿಕ್ಕಪ್ಪ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ದಿನ ಮನೆ ತುಂಬ ನೆಂಟರು ಕೂತಿದ್ದಾಗ ಎಲ್ಲರ ಎದುರೇ ಶುರು ಮಾಡಿದರು. ‘ಅಲ್ಲ ಕಣಮ್ಮಾ, ತಿಂಗಳಿಗೆ ಎಷ್ಟು ಗಂಟೆ ಹೋಗುತ್ತೆ ಇದಕ್ಕೆ?’ ನಾನು ಏನೋ ಹೇಳಿದೆ. ಫೋನು ತೆಗೆದರು, ಗಂಟೆಗೆ ಇಷ್ಟು ಅಂತ ಗುಣಿಸಿದರು, ಹನ್ನೆರಡು ತಿಂಗಳಿಗೆ ಗುಣಿಸಿದರು, ಅದಕ್ಕೆ ಬಡ್ಡಿ ಕೂಡ ಸೇರಿಸಿದರು! ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ, ‘ಇಷ್ಟು ದುಡ್ಡು ನೀನು ಬೀದಿಗೆ ದಾನ ಮಾಡಿದ ಹಾಗಾಯ್ತು’ ಅಂದರು. ಎಲ್ಲರೂ ನಕ್ಕರು. ‘ಚಿಕ್ಕಪ್ಪಾ, ಈ ಲೆಕ್ಕ ಹಾಕೋಕೆ ಹತ್ತು ನಿಮಿಷ ಆಯ್ತಲ್ಲ, ಅದರ ಬಿಲ್ ಯಾರಿಗೆ ಕಳಿಸ್ತೀರಾ?’ ಅಂದೆ. ಆಗ ಯಾರೂ ನಗಲಿಲ್ಲ. ದೊಡ್ಡವರಿಗೆ ಎದುರುತ್ತರ ಕೊಟ್ಟಳು ಅಂತಾಯಿತು.

ನನ್ನ ಪರ ವಾದಿಸುವವರೂ ಇದ್ದಾರೆ. ಒಬ್ಬ ಗೆಳತಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹುಡುಕಿ ತಂದಳು. ವಿದ್ಯಾರ್ಥಿಗಳಿಗೆ ಬಿಡಿಸಲು ಒಗಟಿನ ತುಂಡುಗಳನ್ನು ಕೊಟ್ಟಿದ್ದರು. ಒಂದು ಗುಂಪಿಗೆ ನಡುವೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮುಟ್ಟುವುದು ಮೊದಲಿಗಿಂತ ಕಡಿಮೆಯಾಯಿತು. ‘ನೋಡು, ದುಡ್ಡು ಬಂದರೆ ಖುಷಿ ಹೋಗುತ್ತೆ. ನಿನಗೆ ಕೊಡದೇ ಇದ್ದದ್ದೇ ಒಳ್ಳೇದಾಯ್ತು’ ಅಂದಳು. ಪಾಪ, ಅವಳ ಮನಸ್ಸು ಒಳ್ಳೆಯದೇ. ಆದರೆ ಈ ವಾದ ನನಗೆ ಹಿಡಿಸಲಿಲ್ಲ. ದುಡ್ಡು ಕೊಟ್ಟಿದ್ದರೆ ನಾನು ಖಂಡಿತ ತಗೊಳ್ಳುತ್ತಿದ್ದೆ. ಖುಷಿಯಿಂದಲೇ ತಗೊಳ್ಳುತ್ತಿದ್ದೆ.

ಇನ್ನು ಕೆಲವರು ಅದನ್ನು ಸೇವೆ ಅನ್ನುತ್ತಾರೆ. ದಯವಿಟ್ಟು ಬೇಡ. ಸೇವೆ ಮಾಡುವವರಿಗೆ ಇರುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಪುಟದ ಲೆಕ್ಕಕ್ಕೇ ಪ್ರತಿ ತಿಂಗಳು ಜಗಳ. ಒಂದು ಹಾಳೆ ಮಡಿಸಿದರೆ ನಾಲ್ಕು ಪುಟ, ಎರಡು ಹಾಳೆಗೆ ಎಂಟು. ಐದು ಪುಟದ ಸುದ್ದಿ ಇದೆ ಅಂದರೆ ಒಂದು ಪುಟ ಕತ್ತರಿಸಬೇಕು, ಇಲ್ಲ ಮೂರು ಪುಟ ಹುಟ್ಟಿಸಬೇಕು. ಕತ್ತರಿ ಬೀಳುವುದು ಯಾರದ್ದಕ್ಕೆ ಅಂತ ವಾದ ಶುರುವಾದರೆ ರಾತ್ರಿಯಾಗುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಪ್ರವಾಸ ಕಥನದ ಒಂದು ಸಾಲನ್ನೂ ಬಿಡಲು ಒಪ್ಪುತ್ತಿರಲಿಲ್ಲ. ಸಾವಿನ ಸುದ್ದಿ ಬಿಟ್ಟರೂ ಪರವಾಗಿಲ್ಲ, ಜಲಪಾತ ಇರಲೇಬೇಕು.

ಹೆಸರುಗಳ ವಿಷಯ ಬೇರೆಯೇ ಕಥೆ. ದೊಡ್ಡ ಪತ್ರಿಕೆಯಲ್ಲಿ ಮಂತ್ರಿಯ ಹೆಸರು ತಪ್ಪಾದರೆ ಮಂತ್ರಿ ಫೋನ್ ಮಾಡುವುದಿಲ್ಲ. ನಮ್ಮಲ್ಲಿ ಇನಿಶಿಯಲ್ ತಪ್ಪಿದರೆ ಆ ಮನೆಯವರು ಬಾಗಿಲಿಗೇ ಬರುತ್ತಾರೆ. ಹಾಗಾಗಿ ಪ್ರತಿ ಹೆಸರನ್ನೂ ಆಯಾ ಮನೆಯವರ ಹತ್ತಿರವೇ ಕೇಳಿ ಬರೆದುಕೊಳ್ಳಬೇಕು ಅನ್ನುವುದು ನಮ್ಮ ನಿಯಮ. ಬೇಕಿದ್ದರೆ ಬೇರೆಲ್ಲ ನಿಯಮ ಮುರಿಯಬಹುದಿತ್ತು, ಇದೊಂದನ್ನು ಬಿಟ್ಟು.

ಸರಿ, ಸಿಕ್ಕಿದ್ದೇನು ಅಂತ ಕೇಳಿದ್ದು ಸಾಕು. ಬಿಟ್ಟಿದ್ದೇನು ಅಂತ ಯಾರಾದರೂ ಕೇಳಬಾರದಾ? ಯಾವ ಸುದ್ದಿ ಗೊತ್ತಿದ್ದೂ ಹಾಕಲಿಲ್ಲ? ಈ ಪ್ರಶ್ನೆಗಾದರೆ ನಾನು ಕುರ್ಚಿ ಎಳೆದು ಕೂರಿಸಿ ಉತ್ತರ ಹೇಳುತ್ತಿದ್ದೆ.

ಏಕೆಂದರೆ ಕಷ್ಟ ಇದ್ದದ್ದೇ ಅಲ್ಲಿ. ಸಂಬಳದ ವರದಿಗಾರ ಸುದ್ದಿ ಬರೆದು ಮನೆಗೆ ಹೋಗುತ್ತಾನೆ. ನಮಗೆ ಮನೆ ಇದ್ದದ್ದು ಸುದ್ದಿಯ ಪಕ್ಕದಲ್ಲೇ. ಯಾರ ಮನೆಯಲ್ಲಿ ಆಸ್ತಿ ಜಗಳ, ಯಾರ ಮಗ ಪರೀಕ್ಷೆಯಲ್ಲಿ ಫೇಲು, ಯಾರು ಸಂಘದ ಹಣದ ಲೆಕ್ಕ ಕೊಟ್ಟಿಲ್ಲ, ಎಲ್ಲ ಕಿವಿಗೆ ಬೀಳುತ್ತಿತ್ತು. ಮೊದಲ ಎರಡು ನಮ್ಮ ಕೆಲಸವಲ್ಲ, ಬಿಟ್ಟೆವು. ಅದಕ್ಕೆ ಯಾವ ಬೇಜಾರೂ ಇಲ್ಲ. ಮೂರನೆಯದು ನಮ್ಮ ಕೆಲಸವೇ. ಅದನ್ನು ಬರೆದೆವು, ಸಂಘದವರು ಒಂದು ವರ್ಷ ನಮಗೆ ಸಭೆಯ ಸೂಚನೆಯನ್ನೇ ಕಳಿಸಲಿಲ್ಲ.

ಇವೆರಡರ ನಡುವೆ ಬರುವ ಸುದ್ದಿಗಳೇ ತಲೆನೋವು. ಒಂದು ಗೋಡೆಯ ಕಥೆ ಹೇಳುತ್ತೇನೆ. ನಮ್ಮಲ್ಲಿ ಒಬ್ಬರು ಕಾಂಪೌಂಡ್ ಕಟ್ಟುವಾಗ ಕಾಲುದಾರಿಯನ್ನು ಸ್ವಲ್ಪ ಒಳಗೆ ಸೇರಿಸಿಕೊಂಡಿದ್ದರು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಒಳ್ಳೆಯವರು. ಇನ್ನೂ ಪೇಚಿನ ವಿಷಯ ಅಂದರೆ, ತಮ್ಮ ಸಾಲಿನ ಮನೆಗಳಿಗೆ ನಮ್ಮ ಪತ್ರಿಕೆ ಹಂಚುತ್ತಿದ್ದವರೂ ಅವರೇ. ಹೆಸರು ಹಾಕಿ ಬರೆಯಬೇಕಾ, ಸುಮ್ಮನಿರಬೇಕಾ? ಕೊನೆಗೆ ನಮ್ಮ ಗುಂಪಿನ ಅತಿ ಚಿಕ್ಕ ಹುಡುಗಿ ಒಂದು ದಾರಿ ತೋರಿಸಿದಳು. ‘ಆಂಟಿ, ಎಲ್ಲ ರಸ್ತೆಗಳನ್ನೂ ಅಳೆದುಬಿಡೋಣ.’ ಅಳತೆ ಟೇಪು ಹಿಡಿದು ಪ್ರತಿ ಅಡ್ಡರಸ್ತೆಯ ಕಾಲುದಾರಿಯನ್ನೂ ಅಳೆದೆವು. ಎಲ್ಲಿ ಎಷ್ಟು ಅಗಲ ಅಂತ ಒಂದು ಪಟ್ಟಿ ಮಾಡಿ ಹಾಕಿದೆವು. ಒಂದೇ ಒಂದು ಹೆಸರಿಲ್ಲ, ಟೀಕೆ ಇಲ್ಲ, ಬರೀ ಅಂಕಿ. ಒಂದು ಕಡೆ ಮಾತ್ರ ಅಂಕಿ ಇದ್ದಕ್ಕಿದ್ದ ಹಾಗೆ ಇಳಿದಿತ್ತು.

ಎಲ್ಲರಿಗೂ ಅರ್ಥವಾಯಿತು. ಅವರಿಗೂ. ಮುಂದಿನ ತಿಂಗಳಿಂದ ಪತ್ರಿಕೆ ಹಂಚುವುದನ್ನು ಬಿಟ್ಟರು. ಆ ಸಾಲಿನವರೆಲ್ಲ ‘ನಮಗೆ ಪತ್ರಿಕೆ ಬರ್ತಿಲ್ಲ, ನಿಮ್ಮದೇನು ಬೇಜವಾಬ್ದಾರಿ’ ಅಂತ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ಗೋಡೆ ಏನಾಯ್ತು ಅಂತೀರಾ? ಹಾಗೇ ಇದೆ. ಬಣ್ಣ ಹೊಸದು. ಆದರೂ ನನ್ನ ಪ್ರಕಾರ ನಾವು ಹಾಕಿದ್ದರಲ್ಲಿ ಅತ್ಯುತ್ತಮ ಬರಹ ಆ ಪಟ್ಟಿಯೇ. ಅದರಲ್ಲಿ ನನ್ನದೊಂದು ವಾಕ್ಯವೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಪೂರ್ತಿ ಬಿಟ್ಟುಹೋದದ್ದು ಇನ್ನೊಂದಿದೆ. ‘ನಿಮಗೇನು ಬಿಡಿ, ಟೈಮ್ ಇತ್ತು’ ಅನ್ನುತ್ತಾರಲ್ಲ, ಕೇಳಿದರೆ ಮೈ ಉರಿಯುತ್ತದೆ, ಆದರೆ ಮಾತು ನಿಜ. ಪುಕ್ಕಟೆ ಬರೆಯಬಲ್ಲವರು ಯಾರು? ಬೇರೆ ಕಡೆ ಸಂಬಳವೋ ಪಿಂಚಣಿಯೋ ಬರುವವರು. ಬಡಾವಣೆಯ ರಾತ್ರಿ ಕಾವಲಿನವರು, ಮೂರು ಮನೆ ಕೆಲಸ ಮುಗಿಸಿ ನಾಲ್ಕನೆಯದಕ್ಕೆ ಓಡುವವರು, ಇಸ್ತ್ರಿ ಗಾಡಿಯವರು, ಇವರೆಲ್ಲ ನಮಗಿಂತ ಜಾಸ್ತಿ ಹೊತ್ತು ಆ ಬೀದಿಗಳಲ್ಲೇ ಇರುತ್ತಿದ್ದರು. ಬೀದಿದೀಪ ಎಷ್ಟು ಗಂಟೆಗೆ ಆರುತ್ತದೆ ಅನ್ನುವುದು ಕಾವಲಿನವರಿಗೆ ಗೊತ್ತು, ನಮಗಲ್ಲ. ಅವರ ಬಗ್ಗೆ ಬರೆದಿದ್ದೇವೆ. ಅವರು ಬರೆದದ್ದು ನಮ್ಮಲ್ಲಿ ಬಂದಿಲ್ಲ. ಹಾಗಾಗಿ ನಮ್ಮ ಪತ್ರಿಕೆಯಲ್ಲಿ ನಾಯಿ ಕಾಟದ ಸುದ್ದಿ ಅಷ್ಟೊಂದು, ಕೂಲಿಯ ಸುದ್ದಿ ಇಷ್ಟೇ. ಚಿಕ್ಕಪ್ಪನ ಲೆಕ್ಕಕ್ಕೆ ಅರ್ಥ ಬರುವುದು ಇಲ್ಲಿ. ನನ್ನ ಗಂಟೆಗೆ ಬೆಲೆ ಕಟ್ಟಿದರೆ ನಗು ಬರುತ್ತದೆ. ಅವರ ಗಂಟೆಗೆ ಕಟ್ಟಿ, ಕೊಟ್ಟು, ಬರೆಸಬೇಕಿತ್ತು. ಚಂದಾದಲ್ಲಿ ಅಷ್ಟು ದುಡ್ಡಿರಲಿಲ್ಲ.

‘ಯಾಕೆ ನಿಂತುಹೋಯ್ತು?’ ಅನ್ನುವುದಕ್ಕೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಒಬ್ಬರು ಮನೆ ಬದಲಾಯಿಸಿದರು, ಒಬ್ಬರಿಗೆ ಕಣ್ಣಿನ ತೊಂದರೆ, ಹುಡುಗಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅಷ್ಟೇ. ಪಿತೂರಿ ಏನೂ ಇಲ್ಲ. ಕನ್ನಡದ ಮೊದಲ ಪತ್ರಿಕೆ ಅನ್ನಿಸಿಕೊಂಡ ಮಂಗಳೂರ ಸಮಾಚಾರ ಶುರುವಾದದ್ದು 1843ರ ಜುಲೈ 1ರಂದು. ವರ್ಷ ತುಂಬುವ ಮೊದಲೇ ಅದರ ಅಚ್ಚು ಬಳ್ಳಾರಿಗೆ ಹೋಗಿ, ಹೆಸರೂ ಬದಲಾಯಿತು. ನಾವು ಅದಕ್ಕಿಂತ ಜಾಸ್ತಿ ದಿನ ಬಾಳಿದೆವು. ಈ ಜಂಬ ಯಾರ ಹತ್ತಿರವೂ ಕೊಚ್ಚಿಕೊಳ್ಳಲು ಆಗಿರಲಿಲ್ಲ, ಈಗ ಕೊಚ್ಚಿಕೊಂಡೆ.

ಮೊನ್ನೆ ಒಬ್ಬರು ಆ ಕಾಲುದಾರಿಯ ಪಟ್ಟಿ ಇನ್ನೂ ಇದೆಯಾ ಅಂತ ಕೇಳಿದರು. ಅಲ್ಲಿ ಮನೆ ಕೊಳ್ಳುವ ಯೋಚನೆಯಂತೆ. ಹಳೇ ಕಂಪ್ಯೂಟರಿನ ಕಡತ ತೆರೆದೆ. ಎಲ್ಲ ಕಂಪ್ಯೂಟರಿಗೂ ಅಕ್ಷರಗಳ ಒಂದೇ ಸಂಕೇತ ಇರಲಿ ಅಂತ ಮಾಡಿದ ಯೂನಿಕೋಡಿನಲ್ಲಿ ಕನ್ನಡ 1991ರಿಂದಲೂ ಇದೆ. ಆದರೆ ನಾವು ಪುಟ ಕಟ್ಟುತ್ತಿದ್ದದ್ದು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ರಸ್ತೆಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಕಿಗಳು ಮಾತ್ರ ನೆಟ್ಟಗಿದ್ದವು. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಕೆಟ್ಟುಹೋದ ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿ ಮಾಡಿ ಕಳಿಸಿದೆ.

ಉಳಿದ ಸಂಚಿಕೆಗಳನ್ನೂ ಹೀಗೇ ಸರಿ ಮಾಡುತ್ತಿದ್ದೇನೆ. ಮೊದಲ ವರ್ಷದವು ನನ್ನ ಹತ್ತಿರ ಇಲ್ಲ. ನಿಮ್ಮ ಅಟ್ಟದಲ್ಲಿ, ಕಪಾಟಿನ ತಳದಲ್ಲಿ ಹಾಸಿದ ಕಾಗದದಲ್ಲಿ ಎಲ್ಲಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಹಳದಿ ಆಗಿದ್ದರೂ ಸರಿ, ಆ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಹಳದಿಯಾಗುವುದೇ. ಮಡಿಕೆಯಲ್ಲಿ ಹರಿದಿದ್ದರೂ ನಡೆಯುತ್ತದೆ. ಫೋಟೊ ತೆಗೆದುಕೊಂಡು ಸಂಜೆಯೊಳಗೆ ವಾಪಸ್ ಕೊಡುತ್ತೇನೆ. ಮೇಷ್ಟ್ರ ಪ್ರವಾಸ ಕಥನ ಇರುವ ಪುಟ ಮಾತ್ರ ಸಿಕ್ಕಿದೆ ಅಂದರೆ, ಅದನ್ನೂ ತನ್ನಿ.