ಕೂತು ಕೊಳೆಯುವುದು

ಮ್ಯೂನಿಕ್, 13 ಅಕ್ಟೋಬರ್ 2024, ಭಾನುವಾರ

ಜರ್ಮನ್ನಿನ 'ಗಮ್ಮೆಲ್ನ್'ಗೆ, ಅಂದರೆ ಕೆಲಸವಿಲ್ಲದೆ ಸುಮ್ಮನೆ ಕೂತು ಕಾಲ ಕಳೆಯುವುದಕ್ಕೆ, ಇಂಗ್ಲಿಷಿನಲ್ಲಿ ಪದಗಳಿಗೇನೂ ಬರವಿಲ್ಲ. ಲೋಫ್, ಲೇಜ್, ಹ್ಯಾಂಗ್ ಔಟ್. ಯಾವುದನ್ನಿಟ್ಟರೂ ನಾನು ಅನುವಾದಿಸುತ್ತಿರುವ ಜರ್ಮನ್ ಹಿರಿಯರ ಸಾಲು ಸಪ್ಪೆಯಾಗುತ್ತದೆ. ಮೊಮ್ಮಕ್ಕಳು ಓದಲೆಂದು ಅವರು ತಮ್ಮ ನೆನಪುಗಳನ್ನು ಇಂಗ್ಲಿಷಿಗೆ ಮಾಡಿಸುತ್ತಿದ್ದಾರಲ್ಲ, ಅದರಲ್ಲಿ 1966ರ ಬೇಸಿಗೆಗೆ ಸಿಕ್ಕಿರುವುದು ಎರಡೇ ವಾಕ್ಯ: "ಶ್ವಾಬಿಂಗ್ ಬಡಾವಣೆಯ ಬೀದಿಗಳಲ್ಲಿ 'ಗಮ್ಮೆಲ್ನ್' ಮಾಡಿದೆವು. ಅಪ್ಪ ನನ್ನ ಜೊತೆ ಮಾತು ಬಿಟ್ಟರು."

'ಬಮ್ ಅರೌಂಡ್' ಸ್ವಲ್ಪ ಹತ್ತಿರ ಬರುತ್ತದೆ. ಆ ಬಮ್ ಕೂಡ ಬಹುಶಃ ಜರ್ಮನ್ನಿನ ಬುಮ್ಲರ್‌ನಿಂದಲೇ 19ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋದದ್ದು. ಇಲ್ಲಿ ಇವತ್ತಿಗೂ ಬುಮೆಲ್ನ್ ಅಂದರೆ ಪೇಟೆಯಲ್ಲಿ ಆರಾಮವಾಗಿ ಅಡ್ಡಾಡುವುದು. ಅಲ್ಲಿ ಅದು ಬೈಗುಳವಾಯಿತು.

ಆದರೂ ಗಮ್ಮೆಲ್ನ್‌ಗೆ ಒಂದು ವಾಸನೆ ಇದೆ. ಡ್ಯಾನಿಷ್ ಭಾಷೆಯಲ್ಲಿ 'ಗಮ್ಮೆಲ್' ಅಂದರೆ ಹಳೆಯದು, ಅದರ ನಂಟಿನದೇ ಈ ಪದ. ಕೆಟ್ಟ ಮಾಂಸಕ್ಕೆ ಇಲ್ಲಿ ಗಮ್ಮೆಲ್‌ಫ್ಲೈಷ್ ಅಂತಾರೆ. ನಮ್ಮಲ್ಲಿ ಹಳೆಯದರಿಂದ ಹಳಸು ಬಂದ ಹಾಗೇ. ಉದ್ದ ಕೂದಲು ಬಿಟ್ಟು ಬೀದಿಯಲ್ಲಿ ಕೂತ ಹುಡುಗರನ್ನು ಗಮ್ಲರ್ ಎಂದು ಕರೆದಾಗ, ಇವರು ಹಳಸಿಹೋದವರು ಎನ್ನುವ ಹೇಸಿಗೆಯೂ ಅದರಲ್ಲಿ ಸೇರಿತ್ತು. ಯುದ್ಧದ ನಂತರ ಹಗಲಿರುಳು ದುಡಿದು ದೇಶ ಎತ್ತಿದ ತಲೆಮಾರಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಆ ಆರ್ಥಿಕ ಪವಾಡದ ಜನಕ ಎನಿಸಿಕೊಂಡ ಪಶ್ಚಿಮ ಜರ್ಮನಿಯ ಚಾನ್ಸಲರ್ ಲುಡ್ವಿಗ್ ಎರ್ಹಾರ್ಡ್, ತಾನು ಆಳುವವರೆಗೂ ಈ ಪೀಡೆಯನ್ನು ನಾಶ ಮಾಡಲು ಎಲ್ಲವನ್ನೂ ಮಾಡುತ್ತೇನೆ ಎಂದಿದ್ದರು. ಬರೀ ಕೂತಿದ್ದ ಹುಡುಗರ ಮೇಲೆ ಅಷ್ಟು ದೊಡ್ಡ ಮಾತು! ಅದೇ 1966 ಮುಗಿಯುವ ಮೊದಲೇ ಅವರ ಅಧಿಕಾರವೂ ಹೋಯಿತು.

ಈಗ ಇದೇ ಪದ ಮೆತ್ತಗಾಗಿದೆ. ಪಕ್ಕದ ಮನೆ ಹುಡುಗಿ ದಿನವಿಡೀ ರಾತ್ರಿ ಉಡುಪಿನಲ್ಲೇ ಬಿದ್ದುಕೊಂಡು ಇವತ್ತು ನನ್ನ ಗಮ್ಮೆಲ್‌ಟಾಗ್ ಅಂತ ಖುಷಿಯಾಗಿ ಹೇಳುತ್ತಾಳೆ. ಅವಳ ಮಾತಿಗೆ ಹ್ಯಾಂಗ್ ಔಟ್ ಸಾಕು. ಹಿರಿಯರ ಸಾಲಿಗೆ ಸಾಲದು. ಅವರ ಅಪ್ಪನ ಸಿಟ್ಟನ್ನು ನಾನು ಅಳಿಸಿಬಿಟ್ಟರೆ ಮೊಮ್ಮಕ್ಕಳಿಗೆ ಏನು ತಿಳಿಯುತ್ತದೆ? ಜರ್ಮನ್ ಪದವನ್ನೇ ಉಳಿಸಿ, ಪಕ್ಕದಲ್ಲಿ ಒಂದು ಸಾಲು ವಿವರಣೆ ಸೇರಿಸುವುದು ಅಂತ ತೀರ್ಮಾನಿಸಿದೆ.

ಅಷ್ಟರಲ್ಲಿ ಅಕ್ಕನ ಫೋನು. ಹಾಸನದಲ್ಲಿ ಮಳೆಯಂತೆ. ಆಮೇಲೆ ಮಗನ ಬಗ್ಗೆ ದನಿ ತಗ್ಗಿಸಿ, "ಪುಟ್ಟು ಇಂಜಿನಿಯರಿಂಗ್ ಮುಗಿಸಿ ಮನೇಲಿ ಕೂತು ಕೊಳೀತಿದಾನೆ ಕಣೇ. ನೀನಾದ್ರೂ ಬುದ್ಧಿ ಹೇಳು" ಅಂದಳು.

ಕೊಳೀತಿದಾನೆ! ನನಗೆ ಮೈ ಜುಂ ಅಂದಿತು. ಅಕ್ಕಾ, ಹಂಗನ್ಬೇಡ, ಅವನಿಗೆ ಕೇಳಿಸುತ್ತೆ ಅಂದೆ. "ಕೇಳಿಸ್ಲಿ. ಭಾವ ಮಾರ್ಚ್‌ನಲ್ಲಿ ರಿಟೈರ್ ಆಗ್ತಾರೆ, ಗೊತ್ತಲ್ಲ?" ಗೊತ್ತು. ಅವಳ ಹೆದರಿಕೆ ಸುಳ್ಳಲ್ಲ, ಸಾಲದ ಕಂತಿಗೆ ಯಾವ ಕಾವ್ಯವೂ ಇಲ್ಲ.

ರಾತ್ರಿ ಪುಟ್ಟುವಿನ ಮೆಸೇಜು: "ಚಿಕ್ಕಮ್ಮ, ನಾನು ಸುಮ್ನೆ ಕೂತಿಲ್ಲ. ಬಂದಿರೋ ಕೆಲ್ಸ ಬೇಡ ಅನ್ಸುತ್ತೆ, ಯಾವ್ದು ಬೇಕು ಅಂತಾನೂ ಗೊತ್ತಿಲ್ಲ."

ಕೆಲಸ ಬಂದಿದೆಯಾ? ಅಕ್ಕ ಹೇಳಲೇ ಇಲ್ಲ. ಅವಳಿಗೂ ಹೇಳಿಲ್ಲವೇನೋ. ನಾಳೆ ಮೊದಲು ಅವನಿಗೇ ಫೋನ್ ಮಾಡಬೇಕು. ಅಕ್ಕನಿಗೆ ಗೊತ್ತಾದರೆ ಮಾತ್ರ…