ಫೋನ್ ರಿಂಗ್ ಆದರೂ ಮಾತು ಕೇಳಿಸದಿದ್ದಾಗ

ಮನೆಗಳಿಗೆ ಫೈಬರ್ ಸಂಪರ್ಕವನ್ನೂ ಸಾಮಾನ್ಯ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಅಡಾಪ್ಟರನ್ನೂ ಅಳವಡಿಸುವುದು ನನ್ನ ಕೆಲಸ. ಇದರಲ್ಲಿ ಮತ್ತೆ ಮತ್ತೆ ಬರುವ ದೂರೆಂದರೆ, ಫೋನ್ ಸರಿಯಾಗಿಯೇ ರಿಂಗ್ ಆಗುತ್ತದೆ, ಆದರೆ ಎತ್ತಿದ ಮೇಲೆ ಆ ಕಡೆಯವರ ಮಾತು ಕೇಳಿಸುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೂಡಲೇ ಅಡಾಪ್ಟರ್ ಬದಲಿಸುತ್ತಾರೆ. ದೋಷ ಹಾಗೆಯೇ ಉಳಿಯುತ್ತದೆ, ಏಕೆಂದರೆ ಬಹುಪಾಲು ಅದು ರೌಟರಿನಲ್ಲಿರುತ್ತದೆ.

ಕರೆಯನ್ನು ಜೋಡಿಸುವುದು ಸಿಪ್ ಎಂಬ ನಿಯಮಾವಳಿ. ಅದು ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ, ಎಂದರೆ ಆ ಸಂಖ್ಯೆಯ ಜಾಲದ ಬಾಗಿಲಿನಲ್ಲಿ, ನಡೆಯುತ್ತದೆ. ಮಾತು ಸಾಗುವುದು ಆರ್‌ಟಿಪಿ ಎಂಬ ಇನ್ನೊಂದು ನಿಯಮಾವಳಿಯ ಮೂಲಕ, ಬೇರೆಯೇ ಪೋರ್ಟುಗಳಲ್ಲಿ. ತನಗೆ ಮಾತನ್ನು ಎಲ್ಲಿಗೆ ಕಳುಹಿಸಬೇಕೆಂದು ಅಡಾಪ್ಟರ್ ಸಿಪ್ ಸಂದೇಶದೊಳಗೆ ಬರೆದು ತಿಳಿಸುತ್ತದೆ, ಅಲ್ಲಿ 192.168.1.20ರಂತಹ ಮನೆಯೊಳಗಿನ ವಿಳಾಸವಿದ್ದರೆ ಹೊರಗಿನ ಜಾಲಕ್ಕೆ ಅದು ಅರ್ಥವಾಗುವುದಿಲ್ಲ. ಇದನ್ನು ತಿದ್ದಲೆಂದೇ ಅನೇಕ ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯವಿದೆ. ಆದರೆ ಅದು ತಪ್ಪಾಗಿ ತಿದ್ದಿ ಕರೆ ಕೆಡಿಸುವುದೇ ಹೆಚ್ಚು. ಆದ್ದರಿಂದ ನಾನು ಮೊದಲು ಆಫ್ ಮಾಡಿ ನೋಡುವುದು ಅದನ್ನೇ.

ಎರಡನೆಯ ಕಾರಣ ಒಂದರ ಹಿಂದೆ ಒಂದಿರುವ ಎರಡು ರೌಟರುಗಳು. ಫೈಬರ್ ಬಂದು ಸೇರುವ, ಕಂಪನಿ ಕೊಟ್ಟ ಪೆಟ್ಟಿಗೆಯಾದ ಒಎನ್‌ಟಿ ತಾನೇ ರೌಟರಿನ ಕೆಲಸ ಮಾಡುತ್ತಿರುವಾಗ ಮನೆಯವರು ವೈಫೈ ಸಾಲದೆಂದು ಇನ್ನೊಂದನ್ನು ತಂದು ಜೋಡಿಸಿದರೆ ವಿಳಾಸಗಳು ಎರಡು ಬಾರಿ ಬದಲಾಗುತ್ತವೆ. ಒಎನ್‌ಟಿಯನ್ನು ರೌಟರಿನ ಕೆಲಸ ಬಿಡುವ ಬ್ರಿಡ್ಜ್ ಮೋಡಿಗೆ ಹಾಕಬೇಕು, ಇಲ್ಲವೇ ಹೊಸ ರೌಟರನ್ನು ವೈಫೈ ಮಾತ್ರ ಹರಡುವ ಆಕ್ಸೆಸ್ ಪಾಯಿಂಟ್ ಆಗಿ ಬಳಸಬೇಕು. ಹೊರಹೋಗುವ ಕರೆಗಳು ಸರಿಯಿದ್ದು, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಒಳಬರುವ ಕರೆಗಳು ಮಾತ್ರ ತಲುಪದಿದ್ದರೆ, ಅಡಾಪ್ಟರಿನಲ್ಲಿ ಸಂಪರ್ಕ ಕಡಿಯದಂತೆ ಆಗಾಗ ಸಂಕೇತ ಕಳುಹಿಸುವ ಕೀಪ್ ಅಲೈವ್ ಅವಧಿಯನ್ನು 20 ಅಥವಾ 30 ಸೆಕೆಂಡಿಗೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮಾತು ತುಂಡುತುಂಡಾಗುವುದಕ್ಕೆ ಹೆಚ್ಚು ವೇಗದ ಪ್ಲಾನ್ ಮದ್ದಲ್ಲ. ಮಾತನ್ನು ಡಿಜಿಟಲ್ ರೂಪಕ್ಕೆ ತರುವ ಜಿ.711 ವಿಧಾನ ಬಳಸುವ ಕರೆಗೆ ಒಂದೊಂದು ದಿಕ್ಕಿನಲ್ಲಿ 100 ಕೆಬಿಪಿಎಸ್ ಕೂಡ ಬೇಡ. ಯಾರದೋ ಮೊಬೈಲಿನಿಂದ ಫೋಟೊಗಳು ಅಪ್‌ಲೋಡ್ ಆಗುತ್ತಿರುವಾಗ ಮಾತಿನ ಪ್ಯಾಕೆಟುಗಳು ಸರದಿಯಲ್ಲಿ ಕಾಯುವುದೇ ತೊಂದರೆ. ಅಡಾಪ್ಟರಿಗೆ ಬದಲಾಗದ ಐಪಿ ವಿಳಾಸ ಕೊಟ್ಟು, ಯಾವುದು ಮೊದಲು ಹೋಗಬೇಕೆಂದು ನಿರ್ಧರಿಸುವ ರೌಟರಿನ ಕ್ಯೂಒಎಸ್‌ನಲ್ಲಿ ಅದಕ್ಕೆ ಮೊದಲ ಆದ್ಯತೆ ಕೊಡಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಗೋಡೆಯಲ್ಲಿರುವ ಹಳೆಯ ಲ್ಯಾಂಡ್‌ಲೈನ್ ಸಾಕೆಟ್ಟಿಗೆ ಅಡಾಪ್ಟರಿನ ಫೋನ್ ಪೋರ್ಟನ್ನು ಜೋಡಿಸಬಾರದು. ಆ ತಂತಿಯಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಇನ್ನೂ ಹರಿಯುತ್ತಿದ್ದರೆ, ರಿಂಗಿನ ಹೊತ್ತಿಗೆ ಅದಕ್ಕಿಂತ ಹೆಚ್ಚಿನ ಎಸಿ ವೋಲ್ಟೇಜ್ ಬಂದು ಅಡಾಪ್ಟರ್ ಸುಟ್ಟುಹೋಗಬಹುದು. ಮನೆಯ ಹಳೆಯ ವೈರಿಂಗ್ ಬಳಸಲೇಬೇಕೆಂದಿದ್ದರೆ ಹೊರಗಿನ ಜೋಡಿತಂತಿಯನ್ನು ಮೊದಲು ಬಿಡಿಸಬೇಕು.

ಅದೇ 48 ವೋಲ್ಟಿನಿಂದಾಗಿ ಹಳೆಯ ಫೋನ್ ಕರೆಂಟ್ ಹೋದಾಗಲೂ ನಡೆಯುತ್ತಿತ್ತು, ಹಿರಿಯರು ಈಗಲೂ ಹಾಗೆಯೇ ನಂಬಿಕೊಂಡಿರುತ್ತಾರೆ. ಹೊಸ ವ್ಯವಸ್ಥೆಯಲ್ಲಿ ಒಎನ್‌ಟಿ, ರೌಟರ್, ಅಡಾಪ್ಟರ್ ಮೂರೂ ಯುಪಿಎಸ್ ಮೇಲಿರಬೇಕು. ಹಾಗಾಗಿ ಹೊರಡುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿಸಿ, ನನ್ನ ಮೊಬೈಲಿನಿಂದ ಕರೆ ಮಾಡಿ, ಮನೆಯ ಹಿರಿಯರಿಂದಲೇ ಫೋನ್ ಎತ್ತಿಸಿ ಎರಡೂ ಕಡೆಯ ಮಾತನ್ನು ಪರೀಕ್ಷಿಸುತ್ತೇನೆ.