ಬಲೆ ಎತ್ತಿದ ಮೇಲೆ ಶುರುವಾಗುವ ಕೆಲಸ

ನೇತ್ರಾಣಿಯಂಥ ಬಂಡೆ ದ್ವೀಪದ ಸುತ್ತ ಬಲೆ ಸಿಕ್ಕಿಕೊಳ್ಳುವುದಕ್ಕೆ ಕಾರಣ ಸರಳ. ಮೀನು ಬಂಡೆಯ ಬುಡದಲ್ಲಿರುತ್ತದೆ, ಬಲೆಯೂ ಅಲ್ಲಿಗೇ ಬೀಳುತ್ತದೆ. ಸೆಳೆತ ತಿರುಗಿದರೆ ಒಂದು ಅಂಚು ಕಲ್ಲಿಗೆ ಸಿಕ್ಕುತ್ತದೆ. ಎಳೆದರೆ ಹರಿಯುತ್ತದೆ, ಹರಿದದ್ದು ಅಲ್ಲೇ ಉಳಿದು ಮೀನು ಹಿಡಿಯುತ್ತಲೇ ಇರುತ್ತದೆ. ಸತ್ತ ಮೀನು ತಿನ್ನಲು ಬಂದ ಏಡಿಯೂ ಅದರಲ್ಲೇ ಸಿಲುಕುತ್ತದೆ.

ಆ ಬಲೆ ತೆಗೆಯಲು ಮೊದಲ ಸಲ ಮುಳುಗಿದಾಗ ಕತ್ತರಿ ತೆಗೆಯುವುದೇ ಬೇಡ. ಬಲೆಯನ್ನು ತೇಲಿಸುವ ಬೆಂಡು ಎಲ್ಲಿದೆ, ಮುಳುಗಿಸುವ ಸೀಸದ ಅಂಚು ಎಲ್ಲಿ ಸಿಕ್ಕಿದೆ, ಸೆಳೆತ ಯಾವ ಕಡೆಗೆ ಎಂಬಷ್ಟನ್ನು ನೋಡಿಕೊಂಡು ಮೇಲೆ ಬನ್ನಿ. ಕೆಲಸಕ್ಕೆ ಇಳಿದಾಗ ಸೆಳೆತ ನಿಮ್ಮನ್ನು ದಾಟಿ ಬಲೆಯ ಕಡೆಗೆ ಹರಿಯುವಂತೆ ನಿಲ್ಲಬೇಕು; ಬಿಡಿಸಿದ ಬಲೆ ಆಗ ನಿಮ್ಮಿಂದ ದೂರ ಹೋಗುತ್ತದೆ. ತೆಳು ನೈಲಾನ್ ಎಳೆಗೆ ಚಾಕುವಿಗಿಂತ ಗಟ್ಟಿ ಕತ್ತರಿ ವಾಸಿ. ಒಬ್ಬೊಬ್ಬರ ಹತ್ತಿರ ಎರಡೆರಡು ಇರಲಿ, ಎರಡೂ ಎದೆಯ ಭಾಗದಲ್ಲೇ ಇರಲಿ. ಕಾಲಿಗೆ ಕಟ್ಟಿದ್ದು ಬಲೆಗೆ ಸಿಕ್ಕಾಗ ಕೈಗೆ ಸಿಗದು.

ಇನ್ನು ತೂಕದ ಲೆಕ್ಕ. ನೈಲಾನಿನ ಸಾಂದ್ರತೆ 1.14, ಕಡಲ ನೀರಿನದು 1.025. ಹಾಗಾಗಿ 100 ಕಿಲೋ ಬರೀ ನೈಲಾನ್ ಬಲೆ ನೀರೊಳಗೆ ತೂಗುವುದು ಸುಮಾರು 10 ಕಿಲೋ. ಸೀಸಕ್ಕೆ ಈ ರಿಯಾಯಿತಿ ಇಲ್ಲ. 20 ಕಿಲೋ ಸೀಸ ನೀರೊಳಗೂ 18 ಕಿಲೋ. ಹಾಗೆಂದು ಸೀಸವನ್ನೇ ಮೊದಲು ಕತ್ತರಿಸಿದರೆ ಬೆಂಡು ಮೇಲಕ್ಕೆಳೆದು, ಬಲೆ ಪರದೆಯಂತೆ ಎದ್ದು ಮೈಮೇಲೆ ಬರುತ್ತದೆ. ಮೊದಲು ಬೆಂಡು ತೆಗೆಯಿರಿ, ಬಲೆಯನ್ನು ಚಾಪೆಯಂತೆ ಸುತ್ತಿ ಅಲ್ಲಲ್ಲಿ ಹಗ್ಗ ಬಿಗಿಯಿರಿ, ಸೀಸದ ಸರದಿ ಕೊನೆಗೆ. ಕಲ್ಲುಹವಳದೊಳಗೆ ಬೆಳೆದುಹೋದ ತುಂಡನ್ನು ಎಳೆಯಬಾರದು. ಸುತ್ತ ಕತ್ತರಿಸಿ ಅಷ್ಟನ್ನು ಅಲ್ಲೇ ಬಿಡಬೇಕು. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಎತ್ತುವುದು ಗಾಳಿಚೀಲದಿಂದ. ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಎಡವುವುದು ಇಲ್ಲೇ: 20 ಮೀಟರ್ ಆಳದಲ್ಲಿ ತುಂಬಿದ ಗಾಳಿ 10 ಮೀಟರಿಗೆ ಬರುವಷ್ಟರಲ್ಲಿ ಒಂದೂವರೆ ಪಟ್ಟಾಗುತ್ತದೆ, ಮೇಲ್ಮೈಯಲ್ಲಿ ಮೂರು ಪಟ್ಟು. ಕಟ್ಟು ನೆಲದಿಂದ ಅಲುಗಿತು ಎಂದರೆ ಸಾಕು, ಗಾಳಿ ನಿಲ್ಲಿಸಿ. ಹೆಚ್ಚು ತುಂಬಿದರೆ ಚೀಲ ಬಾಣದಂತೆ ಹಾರಿ, ಮೇಲೆ ಮಗುಚಿ, ಗಾಳಿಯೆಲ್ಲ ಚೆಲ್ಲಿ, ಕಟ್ಟು ಮತ್ತೆ ಕೆಳಕ್ಕೆ ಬರುತ್ತದೆ. ಅದರಡಿ ಯಾರೂ ಇರಬಾರದು. ಚೀಲಕ್ಕೆ ಬೇರೆಯೇ ಸಿಲಿಂಡರ್ ಇಡಿ. ಉಸಿರಾಟದ ಗಾಳಿಯಲ್ಲಿ ಪಾಲು ಕೊಡಬೇಡಿ. ದೋಣಿಯ ಪಕ್ಕ ಸ್ವಲ್ಪ ಹೊತ್ತು ನೀರು ಬಸಿಯಲು ಬಿಟ್ಟು ಆಮೇಲೆ ಒಳಗೆಳೆಯಿರಿ.

ಇಂಥ ಕೆಲಸದ ಫೋಟೊಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ದಡದಲ್ಲಿ ಬಿದ್ದ ಕಟ್ಟಿನೊಳಗೆ ನೈಲಾನ್ ಬಲೆ, ದೋಣಿ ಎಳೆದೊಯ್ಯುವ ಪಾಲಿಥಿನ್ ಟ್ರಾಲ್ ಬಲೆಯ ಚೂರು, ಪಾಲಿಪ್ರೊಪಿಲೀನ್ ಹಗ್ಗ, ಸೀಸ, ಮರಳು, ಪಚ್ಚಿಲೆ ಚಿಪ್ಪು ಎಲ್ಲ ಸೇರಿರುತ್ತವೆ. ವಿಂಗಡಿಸದಿದ್ದರೆ ಅದು ಕಸವೇ. ಒಂದೊಂದು ತುಂಡು ಕತ್ತರಿಸಿ ಸೋಪು ಹಾಕಿದ ಸಿಹಿನೀರಿನಲ್ಲಿ ಹಿಸುಕಿ ಬಿಡಿ: ನೈಲಾನ್ ಮುಳುಗುತ್ತದೆ, ಉಳಿದೆರಡು ಪ್ಲಾಸ್ಟಿಕ್ ತೇಲುತ್ತವೆ. ಹಿಸುಕದಿದ್ದರೆ ಹುರಿಯೊಳಗಿನ ಗಾಳಿಗುಳ್ಳೆ ನೈಲಾನನ್ನೂ ತೇಲಿಸಿ ಮೋಸ ಮಾಡುತ್ತದೆ. ಅನುಮಾನ ಬಂದರೆ ಬಯಲಿನಲ್ಲಿ ಒಂದೇ ಎಳೆ ಸುಟ್ಟು ನೋಡಿ. ಪಾಲಿಥಿನ್ ಆದರೆ ಮೇಣದಬತ್ತಿ ಆರಿಸಿದಾಗಿನ ವಾಸನೆ, ನೈಲಾನ್ ಆದರೆ ಕೂದಲು ಸುಟ್ಟಂಥ ಕಮಟು.

ಇಷ್ಟು ಹಟ ಯಾಕೆಂದರೆ, ಮರುಬಳಕೆಗೆ ಬಲೆಯನ್ನು ಕರಗಿಸಬೇಕು. ಪಾಲಿಥಿನ್ ಸುಮಾರು 130 ಡಿಗ್ರಿಗೆ ಕರಗುತ್ತದೆ, ನೈಲಾನ್ 6 ಎಂಬ ಬಗೆಯ ನೈಲಾನ್ ಕರಗಲು 220 ಬೇಕು. ಬೆರೆತರೆ ಎರಡೂ ಹಾಳು. ಮರಳು ಉಳಿದರೆ ಬಲೆ ಚೂರು ಮಾಡುವ ಯಂತ್ರದ ಅಲಗು ಮೊಂಡಾಗುತ್ತದೆ, ಉದ್ದ ಬಲೆ ಹಾಗೇ ಹಾಕಿದರೆ ತಿರುಗುವ ದಂಡಕ್ಕೇ ಸುತ್ತಿಕೊಳ್ಳುತ್ತದೆ. ನೈಲಾನಿನಲ್ಲಿ ತೇವ ಉಳಿದರೆ ಕರಗಿಸುವಾಗ ಅದರ ಅಣುಗಳ ಸರಪಣಿ ತುಂಡಾಗಿ ಕೊನೆಗೆ ಸಿಗುವ ಪ್ಲಾಸ್ಟಿಕ್ ಕಾಳು ಪೆಡಸಾಗುತ್ತದೆ, ತೇವ 0.2 ಶೇಕಡಾಕ್ಕಿಂತ ಕಡಿಮೆಗೆ ಇಳಿಯುವವರೆಗೆ ಒಣಗಿಸಬೇಕು. ಸ್ಲೊವೇನಿಯಾದಲ್ಲಿ ಅಕ್ವಾಫಿಲ್ ಕಂಪನಿ 2011ರಿಂದ ನೈಲಾನ್ 6 ಅನ್ನು ಅದರ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮ್‌ವರೆಗೆ ಒಡೆದು ಹೊಸ ನೂಲು ತೆಗೆಯುತ್ತಿದೆ. ಅಲ್ಲಿಗೂ ವಿಂಗಡಿಸಿದ ಮಾಲೇ ಬೇಕು.

ಹಾಗಾಗಿ ಮರುಬಳಕೆಯೇ ಗುರಿಯಾಗಿದ್ದರೆ ಕಡಲಿಗಿಂತ ಬಂದರಿನ ಅಂಗಳದಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ; ಬಲೆ ದುರಸ್ತಿಗೆ ಬಿಡುವು ಸಿಗುವುದೂ ಆಗಲೇ. ಕತ್ತರಿಸಿ ಎಸೆಯುವ ತುಂಡು ಯಾವ ವಿಧದ್ದೆಂದು ಬಲೆ ಕಟ್ಟುವವರಿಗೆ ಮುಟ್ಟಿದರೇ ಗೊತ್ತಾಗುತ್ತದೆ. ನೈಲಾನಿಗೊಂದು, ಉಳಿದದ್ದಕ್ಕೊಂದು ಗೋಣಿಚೀಲವನ್ನು ಅವರು ಕತ್ತರಿ ಹಿಡಿಯುವ ಮೊದಲೇ ಪಕ್ಕದಲ್ಲಿಟ್ಟು ಬನ್ನಿ.